ಗ್ರಹಗಳ ಕಾಂತಗೋಳವೂ ಉಪಗ್ರಹಗಳಲ್ಲಿ ಜೀವದ ಸಾಧ್ಯತೆಯೂ

(ಅಂತಿಮ ಬಿ. ಎ.)

2024ನೆಯ ಇಸವಿ ಅಕ್ಟೋಬರ್ 14ರಂದು ‘ಯೂರೋಪಾ ಕ್ಲಿಪ್ಪರ್’ ಎಂಬ ನೌಕೆಯು ಅಮೆರಿಕೆಯಿಂದ ಗುರುಗ್ರಹದ ಕಡೆಗೆ ಹೊರಟಿತು. ಗುರುವಿನ ಉಪಗ್ರಹಗಳಲ್ಲಿ ಒಂದಾದ ಯೂರೋಪಾದಲ್ಲಿ, ದಪ್ಪನಾದ ಹಿಮದ ಹೊದಿಕೆಯ ಅಡಿಯಲ್ಲಿ, ಭೂಮಿಯ ಸಮುದ್ರಗಳಲ್ಲೆಲ್ಲ ಇರುವುದರ ಸುಮಾರು ಎರಡರಷ್ಟು ನೀರು ಇರಬಹುದೆಂದು ವಿಜ್ಞಾನಿಗಳ ಅಂದಾಜು. ಆ ಸ್ಥಳವು ಜೀವಕ್ಕೆ ಯೋಗ್ಯವೇ ಎಂಬುದನ್ನು ಪರೀಕ್ಷಿಸುವುದು ಈ ನೌಕೆಯ ಕೆಲಸ. ಈ ಸುದ್ದಿಯನ್ನು ನಾನು ಮನೆಯಲ್ಲಿ ಪತ್ರಿಕೆಯಿಂದ ಓದಿ ಹೇಳುತ್ತಿದ್ದಾಗ ನಮ್ಮ ತಂದೆಯವರು, “ನೀರೊಂದಿದ್ದರೆ ಬೆಳೆ ಕೈಗೆ ಬಂದುಬಿಡುತ್ತದೇನಪ್ಪಾ? ಬೇಲಿ ಬೇಡವೇ?” ಎಂದು ಕೇಳಿದರು. ಹೊಲಗೆಲಸ ಮಾಡಿದವರ ಪ್ರಶ್ನೆ ಅದು. ನಾನು ಆಗ ಉತ್ತರ ಹೇಳಲಾರದೆ ಹೋದೆನು. ಬಳಿಕ ಓದಿ ನೋಡಲು, ಗ್ರಹವಿಜ್ಞಾನದಲ್ಲಿ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ನಡೆಸುವವರಲ್ಲಿಯೂ ಹಲವರು ಇದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತಿರುವರೆಂದು ತಿಳಿಯಿತು. ಗ್ರಹಕ್ಕಿರುವ ಆ ಬೇಲಿಯ ಹೆಸರು ಕಾಂತಗೋಳ. ಅದು ಏನು, ಹೇಗೆ ಕೆಲಸ ಮಾಡುತ್ತದೆ, ದೂರದ ಚಂದ್ರರಲ್ಲಿ ಜೀವವಿರಲು ಅದು ಸಹಾಯಕವೋ ಬಾಧಕವೋ ಎಂಬುದನ್ನು ತಿಳಿದಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಕಾಲಿನ ಕೆಳಗಿನ ನೆಲದಿಂದಲೇ ಆರಂಭಿಸೋಣ. ಸೂಜಿಗಲ್ಲಿಗೆ ತಿಕ್ಕಿದ ಸೂಜಿಯನ್ನು ದಾರದಲ್ಲಿ ತೂಗಬಿಟ್ಟರೆ ಅದು ಉತ್ತರ ದಕ್ಷಿಣವಾಗಿ ನಿಲ್ಲುವುದೆಂಬುದು ಪ್ರಾಥಮಿಕ ಶಾಲೆಯ ಪಾಠ. ಹಾಗೇಕೆ ನಿಲ್ಲುತ್ತದೆ ಎಂಬುದಕ್ಕೆ ಕ್ರಿ.ಶ. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟನು, ಭೂಮಿಯೇ ಒಂದು ದೊಡ್ಡ ಅಯಸ್ಕಾಂತವಾಗಿದೆ ಎಂದು ಉತ್ತರ ಕೊಟ್ಟನು. ನೆಲದಿಂದ ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣದ ಪದರವೊಂದಿದೆ. ಅದು ಕುದಿಯುವ ಎಸರಿನಂತೆ ಮೇಲೆ ಕೆಳಗೆ ಹೊರಳಾಡುತ್ತಿರುವುದರಿಂದಲೂ, ಭೂಮಿ ತಿರುಗುತ್ತಿರುವುದರಿಂದಲೂ, ಅಲ್ಲಿ ವಿದ್ಯುತ್ಪ್ರವಾಹ ಹುಟ್ಟಿ ಅದರಿಂದ ಕಾಂತಕ್ಷೇತ್ರವು ಉಂಟಾಗುತ್ತದೆ. ನಮ್ಮ ಭಾಗದಲ್ಲಿ ಅದರ ಬಲ ಸುಮಾರು 40 ಸಾವಿರ ನ್ಯಾನೋಟೆಸ್ಲಾ. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಹೋಲಿಕೆಗೆ ಬೇಕಾಗುತ್ತದೆ.

ತರೀಕೆರೆಯವರಿಗೆ ಕಬ್ಬಿಣದ ಕಲ್ಲು ಹೊಸದಲ್ಲ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದುದನ್ನು ಹಿರಿಯರು ಬಲ್ಲರು. ಬಾಬಾಬುಡನ್ ಗಿರಿಗಳ ಕಬ್ಬಿಣದ ಶಿಲೆಗಳಲ್ಲಿ ಮ್ಯಾಗ್ನೆಟೈಟ್, ಎಂದರೆ ಸೂಜಿಗಲ್ಲಿನ ಖನಿಜವೇ, ಬೆರೆತಿದೆ. ಇಂತಹ ಖನಿಜಗಳುಳ್ಳ ಕಲ್ಲು ಕಾದ ಸ್ಥಿತಿಯಿಂದ ಆರುವಾಗ ಆ ಕಾಲದ ಭೂಕಾಂತದ ದಿಕ್ಕನ್ನು ತನ್ನೊಳಗೆ ಗುರುತುಮಾಡಿಕೊಳ್ಳುತ್ತದೆ. ನಮ್ಮ ರಾಜ್ಯದ ಬಹುಭಾಗವನ್ನು ವ್ಯಾಪಿಸಿರುವ ಧಾರವಾಡ ಶಿಲಾವಲಯದಲ್ಲಿ, ಬೆಂಗಳೂರಿನ ಸುತ್ತಮುತ್ತ, ಹಳೆಯ ಬಂಡೆಗಳ ಬಿರುಕಿನಲ್ಲಿ ಕರಗಿದ ಶಿಲೆ ನುಗ್ಗಿ ಗೋಡೆಯಂತೆ ಗಟ್ಟಿಯಾದ ಕರಿಕಲ್ಲಿನ ಪಟ್ಟಿಗಳುಂಟು. ಅವುಗಳ ವಯಸ್ಸು ಸುಮಾರು 237 ಕೋಟಿ ವರ್ಷ. ಅವುಗಳಲ್ಲಿ ಅಡಗಿರುವ ಕಾಂತದಿಕ್ಕನ್ನು ಅಳೆದು, ಆ ಕಾಲದಲ್ಲಿ ಈ ನೆಲವು ಧ್ರುವದ ಸಮೀಪದಲ್ಲಿದ್ದಿತೆಂದು ವಿದ್ವಾಂಸರು ನಿರ್ಧರಿಸಿದ್ದಾರೆ. ಭೂಮಿಯ ಬೇಲಿ ನಿನ್ನೆ ಮೊನ್ನೆಯದಲ್ಲವೆಂಬುದಕ್ಕೆ ನಮ್ಮ ನೆಲದ ಕಲ್ಲೇ ಸಾಕ್ಷಿ.

ಬೇಲಿ ಯಾರಿಂದ ಕಾಯುತ್ತದೆ? ಸೂರ್ಯನಿಂದ. ಸೂರ್ಯನು ಬೆಳಕು ಶಾಖಗಳನ್ನು ಮಾತ್ರವಲ್ಲದೆ, ವಿದ್ಯುದಾವೇಶವುಳ್ಳ ಕಣಗಳನ್ನೂ ಎಡೆಬಿಡದೆ ಹೊರಚೆಲ್ಲುತ್ತಾನೆ. ಇದಕ್ಕೆ ಸೌರಮಾರುತವೆಂದು ಹೆಸರು. ಇಂತಹ ಗಾಳಿಯೊಂದು ಬೀಸುತ್ತಿರಬೇಕೆಂದು 1958ರಲ್ಲಿ ಯೂಜಿನ್ ಪಾರ್ಕರ್ ಎಂಬ ವಿಜ್ಞಾನಿ ಲೆಕ್ಕದಿಂದ ತೋರಿಸಿದಾಗ ಹಲವರು ನಂಬಲಿಲ್ಲ. ಕೆಲವೇ ವರ್ಷಗಳಲ್ಲಿ ನೌಕೆಗಳು ಅದನ್ನು ಅಳೆದು ತೋರಿಸಿದವು. ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 400 ಕಿಲೋಮೀಟರ್ ಆಸುಪಾಸು. ಆವೇಶವುಳ್ಳ ಕಣವು ಕಾಂತಕ್ಷೇತ್ರವನ್ನು ನೇರವಾಗಿ ದಾಟಲಾರದು. ಬಾಗಿ ಬೇರೆ ದಾರಿ ಹಿಡಿಯುತ್ತದೆ. ಆದುದರಿಂದ ಸೌರಮಾರುತವು ಭೂಮಿಯ ಕಾಂತಕ್ಷೇತ್ರವನ್ನು ಎದುರಿಸಿ, ಹೊಳೆಯ ನೀರು ಬಂಡೆಯನ್ನು ಬಳಸಿ ಹರಿಯುವಂತೆ, ಎರಡು ಪಕ್ಕಕ್ಕೂ ಸರಿದು ಹೋಗುತ್ತದೆ. ಹೀಗೆ ಗ್ರಹದ ಕಾಂತಕ್ಷೇತ್ರವು ತನ್ನದೆಂದು ಕಾಯ್ದುಕೊಳ್ಳುವ ಪ್ರದೇಶವೇ ಕಾಂತಗೋಳ. ಗೋಳವೆಂದು ಕರೆದರೂ ಆಕಾರ ಗೋಳದ್ದಲ್ಲ. ಸೂರ್ಯನ ಕಡೆಗೆ ಅದು 60 ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರದವರೆಗೆ ಅಮುಕಿಕೊಂಡಿದ್ದು, ಹಿಂದುಗಡೆ ಚಂದ್ರನ ಕಕ್ಷೆಯನ್ನೂ ಮೀರಿ ಧೂಮಕೇತುವಿನ ಬಾಲದಂತೆ ಚಾಚಿಕೊಂಡಿದೆ.

ಈ ಬೇಲಿ ಅಲುಗಾಡುವುದೂ ಉಂಟು. 1859ರ ಸೆಪ್ಟೆಂಬರ್ ಆರಂಭದಲ್ಲಿ ಬಂದ ಭಾರಿ ಕಾಂತಬಿರುಗಾಳಿಯನ್ನು ಮುಂಬಯಿಯ ಕೊಲಾಬಾ ವೀಕ್ಷಣಾಲಯದವರು ದಾಖಲೆಮಾಡಿದ್ದಾರೆ. 2024ರ ಮೇ ತಿಂಗಳ 10 ಮತ್ತು 11ರ ನಡುವಣ ರಾತ್ರಿ ಅಂತಹುದೇ ಒಂದು ಬಿರುಗಾಳಿ ಎದ್ದಾಗ, ಧ್ರುವಪ್ರದೇಶದವರಿಗೆ ಮಾತ್ರ ಕಾಣುವ ಬಣ್ಣದ ಬೆಳಕು ಲಡಾಖಿನ ಹಾನ್ಲೆಯಲ್ಲಿ ಕೆಂಪಾಗಿ ಕಾಣಿಸಿತು. ಅಲ್ಲಿನ ವೀಕ್ಷಣಾಲಯವನ್ನು ನಡೆಸುತ್ತಿರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಇಂತಹ ಬಿರುಗಾಳಿಯ ಮುನ್ಸೂಚನೆಗಾಗಿ ಬೇಲಿಯ ಹೊರಗೇ ಕಾವಲುಗಾರನೊಬ್ಬನಿರುವುದು ಒಳ್ಳೆಯದು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟ ‘ಆದಿತ್ಯ-ಎಲ್1’ ನೌಕೆಯು 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ದಿಕ್ಕಿನಲ್ಲಿ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ತನ್ನ ನೆಲೆಯನ್ನು ಸೇರಿತು. ಇಸ್ರೋ ಸಂಸ್ಥೆಗೆ ಸೇರಿದ, ಬೆಂಗಳೂರಿನ ‘ಲಿಯೋಸ್’ ಪ್ರಯೋಗಾಲಯದಲ್ಲಿ ತಯಾರಾದ ಕಾಂತಮಾಪಕವು ಅದರಲ್ಲಿದೆ. ಜನವರಿ 11ರಂದು ನೌಕೆಯು 6 ಮೀಟರ್ ಉದ್ದದ ತೋಳನ್ನು ಬಿಚ್ಚಿ ಮಾಪಕವನ್ನು ತನ್ನಿಂದ ದೂರಕ್ಕೆ ಹಿಡಿಯಿತು. ನೌಕೆಯ ತಂತಿಗಳಲ್ಲಿ ಹರಿಯುವ ವಿದ್ಯುತ್ತಿಗೂ ಕಾಂತಶಕ್ತಿಯಿರುವುದರಿಂದ, ಹತ್ತಿರವಿದ್ದರೆ ಮಾಪಕವು ನೌಕೆಯನ್ನೇ ಅಳೆದೀತು! ನೆಲದ ಮೇಲೆ 40 ಸಾವಿರವಿರುವ ಅಂಕಿ ಅಲ್ಲಿ ಸಾಮಾನ್ಯ ದಿನಗಳಲ್ಲಿ ಕೆಲವೇ ನ್ಯಾನೋಟೆಸ್ಲಾಗಳಿಗೆ ಇಳಿದಿರುತ್ತದೆ. ಅಷ್ಟು ಸೂಕ್ಷ್ಮವಾದ ಕೆಲಸ ಅದು.

ಬೇಲಿಯಿಲ್ಲದ ಹೊಲದ ಗತಿಯೇನು? ಮಂಗಳ ಗ್ರಹವನ್ನು ನೋಡಬಹುದು. ಮಂಗಳನ ಗರ್ಭದಲ್ಲಿ ಹಿಂದೆ ಇದ್ದ ಕಾಂತಶಕ್ತಿಯು ಸುಮಾರು 400 ಕೋಟಿ ವರ್ಷಗಳ ಹಿಂದೆಯೇ ನಂದಿಹೋಯಿತು. ಅಲ್ಲಿ ನೀರು ಹರಿದ ಗುರುತುಗಳಿವೆ, ಹರಿಯುವ ನೀರಿಲ್ಲ. ವಾಯುವಿನ ಒತ್ತಡ ನಮ್ಮಲ್ಲಿರುವುದರ ನೂರರಲ್ಲೊಂದು ಪಾಲಿಗಿಂತಲೂ ಕಡಮೆ. ನಮ್ಮ ಮಂಗಳಯಾನವು ಅಲ್ಲಿಗೆ ತಲಪಿದ 2014ರ ಸೆಪ್ಟೆಂಬರಿನಲ್ಲಿಯೇ ತಲಪಿದ ಅಮೆರಿಕೆಯ ‘ಮೇವನ್’ ನೌಕೆಯು, ಮಂಗಳನ ವಾಯುವು ಸೌರಮಾರುತದಿಂದ ಸೆಕೆಂಡಿಗೆ ಸುಮಾರು 100 ಗ್ರಾಮಿನಂತೆ ಸವೆಯುತ್ತಿರುವುದನ್ನು ಕಂಡಿತು. ಆದರೆ ಇಷ್ಟರಿಂದಲೇ ಕಾಂತಗೋಳವಿದ್ದರೆ ಎಲ್ಲವೂ ಇದ್ದಂತೆ ಎಂದು ತೀರ್ಮಾನಿಸುವುದು ಸರಿಯಲ್ಲ. ಶುಕ್ರಗ್ರಹಕ್ಕೂ ಸ್ವಂತ ಕಾಂತಕ್ಷೇತ್ರವಿಲ್ಲ. ಆದರೂ ಅದರ ವಾಯುಮಂಡಲ ನಮ್ಮದಕ್ಕಿಂತ ಬಹಳ ದಟ್ಟವಾಗಿದೆ. ಆದುದರಿಂದ ಬೇಲಿ ಒಂದು ಕಾರಣ, ಏಕೈಕ ಕಾರಣವಲ್ಲ. ಗ್ರಹದ ಗಾತ್ರ, ಸೂರ್ಯನಿಂದ ಅದಕ್ಕಿರುವ ದೂರ, ಜ್ವಾಲಾಮುಖಿಗಳು ಹೊಸದಾಗಿ ಕೊಡುವ ವಾಯು, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ಈಗ ಗುರುಗ್ರಹಕ್ಕೆ ಬರೋಣ. ಅದರ ಕಾಂತಶಕ್ತಿಯ ಒಟ್ಟು ಪ್ರಮಾಣ ಭೂಮಿಯದರ ಸುಮಾರು 20 ಸಾವಿರದಷ್ಟು. ಅದರ ಕಾಂತಗೋಳವು ಕಣ್ಣಿಗೆ ಕಾಣುವಂತಿದ್ದರೆ ನಮ್ಮ ಆಕಾಶದಲ್ಲಿ ಹುಣ್ಣಿಮೆಯ ಚಂದ್ರನಿಗಿಂತ ದೊಡ್ಡದಾಗಿ ತೋರುತ್ತಿದ್ದಿತು. ಅದರ ಬಾಲವು ಶನಿಯ ಕಕ್ಷೆಯನ್ನೂ ಮುಟ್ಟುತ್ತದೆ. 1955ರಲ್ಲಿ ಬರ್ಕ್ ಮತ್ತು ಫ್ರಾಂಕ್ಲಿನ್ ಎಂಬ ಇಬ್ಬರು ಗುರುವಿನಿಂದ ರೇಡಿಯೋ ಅಲೆಗಳು ಬರುತ್ತಿರುವುದನ್ನು ಆಕಸ್ಮಿಕವಾಗಿ ಗುರುತಿಸಿದರು. ಆ ಕಾಂತಗೋಳದ ಮೊದಲ ಸುಳಿವು ದೊರೆತದ್ದು ಹಾಗೆ. ಆ ಅಲೆಗಳಲ್ಲಿ ಕೆಲವು ಗುರುವಿನ ಉಪಗ್ರಹವಾದ ಅಯೋ ಇರುವ ಸ್ಥಾನವನ್ನು ಅನುಸರಿಸಿ ಏರುತ್ತವೆಂದು 1964ರಲ್ಲಿ ಬಿಗ್ ಎಂಬವರು ತೋರಿಸಿದರು. ಗ್ರಹವೂ ಅದರ ಚಂದ್ರರೂ ಕಾಂತಶಕ್ತಿಯಿಂದ ಒಂದಕ್ಕೊಂದು ಕಟ್ಟುಬಿದ್ದಿವೆ ಎಂದಾಯಿತು.

ಹೀಗಿರಲು, ಗುರುವಿನ ದೊಡ್ಡ ಚಂದ್ರರಾದ ಅಯೋ, ಯೂರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋ ಈ ನಾಲ್ಕೂ ಆ ಮಹಾಬೇಲಿಯ ಒಳಗೇ ಸುತ್ತುತ್ತಿರುವುದರಿಂದ ಅವು ಸುರಕ್ಷಿತವೆಂದು ತೋರಬಹುದು. ಸೌರಮಾರುತದಿಂದ ಅವಕ್ಕೆ ಬಹುಮಟ್ಟಿಗೆ ರಕ್ಷಣೆ ಇರುವುದೂ ನಿಜ. ಆದರೆ ಇಲ್ಲಿ ನಮ್ಮ ಗಾದೆಯೊಂದು ನಿಜವಾಗುತ್ತದೆ: ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅಯೋದ ಜ್ವಾಲಾಮುಖಿಗಳಿಂದ ಹೊರಟ ವಸ್ತುವು ಸೆಕೆಂಡಿಗೆ ಸುಮಾರು ಒಂದು ಟನ್ನಿನಂತೆ ಕಾಂತಗೋಳವನ್ನು ಸೇರಿ, ಆವೇಶ ಪಡೆದು, ಗುರುವಿನ ಕಾಂತಕ್ಷೇತ್ರದೊಡನೆ ತಿರುಗತೊಡಗುತ್ತದೆ. ಗುರುವು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ. ಯೂರೋಪಾ ಗುರುವನ್ನು ಸುತ್ತಲು ಮೂರೂವರೆ ದಿನ ಬೇಕು. ಆದುದರಿಂದ ಈ ಕಣಗಳು ಯೂರೋಪಾವನ್ನು ಹಿಂದಿನಿಂದ ಅಟ್ಟಿಸಿಕೊಂಡು ಬಂದು ಬಡಿಯುತ್ತವೆ. ಅವುಗಳಲ್ಲಿ ಅತಿ ವೇಗದವುಗಳ ಹೊಡೆತ ಎಷ್ಟೆಂದರೆ, ರಕ್ಷಣೆಯಿಲ್ಲದ ಮನುಷ್ಯನು ಅಲ್ಲಿ ಒಂದು ದಿನ ನಿಂತರೆ ಪ್ರಾಣಕ್ಕೆ ಅಪಾಯ.

ಹಾಗಾದರೆ ಯೂರೋಪಾದ ಆಸೆಯನ್ನು ಬಿಟ್ಟುಬಿಡಬೇಕೇ? ಇಲ್ಲ. ಈ ಹೊಡೆತವೆಲ್ಲ ಹಿಮದ ಮೇಲ್ಮೈಗೆ. ಕಿಲೋಮೀಟರುಗಟ್ಟಲೆ ಹಿಮವೇ ಕೆಳಗಿನ ನೀರಿಗೆ ಎರಡನೆಯ ಬೇಲಿ. ಅಲ್ಲದೆ ಕಣಗಳು ಹಿಮವನ್ನು ಒಡೆಯುವಾಗ ಆಮ್ಲಜನಕ ಹುಟ್ಟುತ್ತದೆ. ‘ಜೂನೋ’ ನೌಕೆಯ ಅಳತೆಗಳಿಂದ ಅದು ಸೆಕೆಂಡಿಗೆ ಸುಮಾರು 12 ಕಿಲೋಗ್ರಾಮಿನಷ್ಟಿರಬಹುದೆಂದು 2024ರಲ್ಲಿ ಅಂದಾಜು ಮಾಡಿದರು. ಅದರಲ್ಲಿ ಒಂದಿಷ್ಟಾದರೂ ಹಿಮದ ಬಿರುಕುಗಳ ಮೂಲಕ ನೀರಿಗೆ ಇಳಿಯುವುದಾದರೆ, ಕತ್ತಲೆಯಲ್ಲಿರುವ ಜೀವಿಗಳಿಗೂ ಅದು ಆಹಾರದ ಶಕ್ತಿಯಾದೀತು. ಮೇಯುವ ಬೇಲಿಯೇ ಗೊಬ್ಬರವನ್ನೂ ಹಾಕಿದಂತೆ! ಇದು ನಡೆಯುತ್ತಿದೆಯೇ ಇಲ್ಲವೇ ಎಂಬುದು ಸಂಶೋಧನೆಯ ವಿಷಯವಾಗಿಯೇ ಉಳಿದಿದೆ.

ಇಷ್ಟಕ್ಕೂ, ಯಾರೂ ಕೊರೆದು ನೋಡದ ಹಿಮದ ಕೆಳಗೆ ನೀರಿದೆಯೆಂದು ತಿಳಿದದ್ದು ಹೇಗೆ? ಆ ಸಾಕ್ಷ್ಯಗಳಲ್ಲಿ ಬಲವಾದುದನ್ನು ಒದಗಿಸಿದ್ದು ದೂರದರ್ಶಕವಲ್ಲ, ದಿಕ್ಸೂಚಿಯ ವಂಶಕ್ಕೆ ಸೇರಿದ ಕಾಂತಮಾಪಕ. ನಮ್ಮ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ವಿದ್ಯುದಾಗಾರದಲ್ಲಿ ನಡೆಯುವುದೇ ಅಲ್ಲಿಯೂ ನಡೆಯುತ್ತದೆ. ತಂತಿಯ ಸುರುಳಿಯ ಬಳಿ ಅಯಸ್ಕಾಂತ ತಿರುಗಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಇದನ್ನು 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದನು. ಗುರುವಿನ ಕಾಂತಾಕ್ಷವು ಅದರ ತಿರುಗುವ ಅಕ್ಷಕ್ಕೆ ಸುಮಾರು 10 ಡಿಗ್ರಿ ಓರೆಯಾಗಿದೆ. ಆ ಕಾರಣ, ಯೂರೋಪಾ ಇರುವಲ್ಲಿ ಗುರುವಿನ ಕ್ಷೇತ್ರದ ಒಂದು ಭಾಗವು ಸುಮಾರು ಐದೂವರೆ ಗಂಟೆಗೊಮ್ಮೆ ದಿಕ್ಕನ್ನು ಬದಲಾಯಿಸುತ್ತದೆ. ಯೂರೋಪಾದೊಳಗೆ ವಿದ್ಯುತ್ತನ್ನು ಹರಿಯಗೊಡುವ ವಸ್ತುವಿದ್ದರೆ ಅದರಲ್ಲಿ ಪ್ರವಾಹವುಂಟಾಗಿ, ಆ ಪ್ರವಾಹದಿಂದ ಹೊಸದೊಂದು ಚಿಕ್ಕ ಕಾಂತಕ್ಷೇತ್ರ ಹುಟ್ಟಬೇಕು. ಹಿಮವು ವಿದ್ಯುತ್ತನ್ನು ಹೆಚ್ಚಾಗಿ ಹರಿಯಗೊಡದು. ಉಪ್ಪುನೀರು ಚೆನ್ನಾಗಿ ಹರಿಯಗೊಡುತ್ತದೆ.

1995ರ ಡಿಸೆಂಬರಿನಲ್ಲಿ ಗುರುವನ್ನು ತಲಪಿದ ‘ಗೆಲಿಲಿಯೋ’ ನೌಕೆಯ ಕಾಂತಮಾಪಕದ ಕಾರ್ಯವನ್ನು ನಡೆಸಿದವರು ಕ್ಯಾಲಿಫೋರ್ನಿಯದ ಮಾರ್ಗರೆಟ್ ಕಿವೆಲ್ಸನ್ ಎಂಬ ಮಹಿಳೆ. ಅವರ ತಂಡ ಮಾಡಿದುದು ಮೂಲತಃ ಕಳೆಯುವ ಲೆಕ್ಕ. ಅಳೆದ ಕ್ಷೇತ್ರದಿಂದ ಗುರುವಿನದನ್ನು ಕಳೆಯಬೇಕು, ಸುತ್ತಲಿನ ಕಣಗಳ ಪ್ರವಾಹದಿಂದ ಉಂಟಾದುದನ್ನು ಕಳೆಯಬೇಕು, ಉಳಿದುದು ಯೂರೋಪಾದ್ದು. ಆದರೆ ಆ ಉಳಿಕೆಯು ಯೂರೋಪಾದ ಸ್ವಂತ ಸ್ಥಿರವಾದ ಅಯಸ್ಕಾಂತದಿಂದ ಬಂದುದೇ ಆಗಿರಬಹುದಲ್ಲವೇ? ಇದನ್ನು ತೀರ್ಮಾನಿಸಲು, ಗುರುವಿನ ಕ್ಷೇತ್ರವು ವಿರುದ್ಧ ದಿಕ್ಕಿನಲ್ಲಿರುವ ಸಮಯವನ್ನು ಆರಿಸಿ, 2000ನೆಯ ಇಸವಿ ಜನವರಿ 3ರಂದು ನೌಕೆಯನ್ನು ಮತ್ತೆ ಯೂರೋಪಾದ ಬಳಿ ಹಾಯಿಸಿದರು. ಸ್ಥಿರ ಅಯಸ್ಕಾಂತವಾಗಿದ್ದರೆ ಉಳಿಕೆಯ ದಿಕ್ಕು ಮೊದಲಿನಂತೆಯೇ ಇರಬೇಕಿತ್ತು. ಅದು ತಿರುಗಿಬಿದ್ದಿತ್ತು! ಹಿಮದ ಕೆಳಗೆ ಉಪ್ಪುನೀರಿನ ಸಾಗರವಿದೆಯೆಂಬ ಮಾತಿಗೆ ಆ ದಿನ ಬಲ ಬಂದಿತು.

ಗ್ಯಾನಿಮೀಡಿನ ಕಥೆಯಲ್ಲಿ ನಮ್ಮವರ ಪಾತ್ರವೂ ಇದೆ. 1972ರ ಜೂನ್ 7ರಂದು ಈ ಉಪಗ್ರಹವು ಒಂದು ನಕ್ಷತ್ರವನ್ನು ಮರೆಮಾಡಿತು. ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿರುವ ಕಾವಲೂರಿನ ಹೊಸ ದೂರದರ್ಶಕದಿಂದಲೂ, ಇಂಡೋನೇಷ್ಯದ ಲೆಂಬಾಂಗಿನಿಂದಲೂ ಅದನ್ನು ವೀಕ್ಷಿಸಲಾಯಿತು. ಕಾವಲೂರು ಇಂದಿಗೂ ಮೇಲೆ ಹೇಳಿದ ಭಾರತೀಯ ಖಭೌತ ಸಂಸ್ಥೆಗೇ ಸೇರಿದೆ. ವಾಯುವಿಲ್ಲದ ಗೋಳವು ಅಡ್ಡಬಂದರೆ ನಕ್ಷತ್ರವು ಊದಿದ ದೀಪದಂತೆ ಥಟ್ಟನೆ ಆರಬೇಕು. ವಾಯುವಿದ್ದರೆ ಮೆಲ್ಲನೆ ಮಂಕಾಗಬೇಕು. ಜೆ. ಸಿ. ಭಟ್ಟಾಚಾರ್ಯ, ವೈನು ಬಾಪು ಮೊದಲಾದವರು ಗ್ಯಾನಿಮೀಡಿಗೆ ವಾಯುಮಂಡಲವಿದೆಯೆಂದು 1973ರಲ್ಲಿ ಪ್ರಕಟಿಸಿದರು. 1979ರಲ್ಲಿ ‘ವಾಯೇಜರ್’ ನೌಕೆ ಅಳೆದು ನೋಡಲು, ಇದ್ದರೂ ಅದು ಇವರು ಹೇಳಿದುದಕ್ಕಿಂತ ಎಷ್ಟೋ ಪಾಲು ತೆಳುವೆಂದು ತಿಳಿಯಿತು. 1990ರ ದಶಕದಲ್ಲಿ ‘ಹಬಲ್’ ದೂರದರ್ಶಕವು ಅಲ್ಲಿ ಅತಿ ತೆಳುವಾದ ಆಮ್ಲಜನಕವನ್ನು ಕಂಡಿತು. ಹೀಗೆ ಒಬ್ಬರ ಮಾತನ್ನು ಮತ್ತೊಬ್ಬರು ತಿದ್ದುವುದರಲ್ಲಿ ಅವಮಾನವೇನೂ ಇಲ್ಲ. ತಿದ್ದಲು ಸಾಧ್ಯವಾಗುವಂತೆ ಅಳತೆಯೊಡನೆ ಹೇಳುವುದೇ ವಿಜ್ಞಾನದ ಮರ್ಯಾದೆ.

1996ರಲ್ಲಿ ‘ಗೆಲಿಲಿಯೋ’ ಇನ್ನೂ ದೊಡ್ಡ ಆಶ್ಚರ್ಯವನ್ನು ತಂದಿತು. ಗ್ಯಾನಿಮೀಡಿಗೆ ತನ್ನದೇ ಆದ ಕಾಂತಕ್ಷೇತ್ರವೂ, ಗುರುವಿನ ಕಾಂತಗೋಳದೊಳಗೆ ತನ್ನದೇ ಆದ ಪುಟ್ಟ ಕಾಂತಗೋಳವೂ ಇವೆ. ಅದರ ನಡುಪಟ್ಟಿಯಲ್ಲಿ ಬಲ ಸುಮಾರು 720 ನ್ಯಾನೋಟೆಸ್ಲಾ. ಎಂದರೆ ನಮ್ಮೂರಿನ ಅಂಕಿಯ ಸುಮಾರು ಐವತ್ತೈದರಲ್ಲೊಂದು ಪಾಲು. ಆದರೂ ಬೇರೆ ಯಾವ ಉಪಗ್ರಹಕ್ಕೂ ಇಂತಹ ಸ್ವಂತ ಕಾಂತಗೋಳವಿರುವುದು ಕಂಡುಬಂದಿಲ್ಲ. ಆ ಕ್ಷೇತ್ರದಿಂದಾಗಿ ಅಲ್ಲಿಯೂ ಧ್ರುವಗಳ ಸುತ್ತ ಬೆಳಕು ಮಿನುಗುತ್ತದೆ. ಗುರುವಿನ ಕ್ಷೇತ್ರ ಬದಲಾದಂತೆ ಆ ಬೆಳಕಿನ ಪಟ್ಟಿ ತೊಟ್ಟಿಲಿನಂತೆ ತೂಗುತ್ತದೆ. ಒಳಗೆ ಸಾಗರವಿಲ್ಲದಿದ್ದರೆ ತೂಗಾಟ ಸುಮಾರು 6 ಡಿಗ್ರಿ ಇರಬೇಕೆಂದು ಲೆಕ್ಕ. ‘ಹಬಲ್’ ಕಂಡುದು 2 ಡಿಗ್ರಿ. ಉಪ್ಪುನೀರಿನ ಸಾಗರವು ಅದನ್ನು ತಡೆಯುತ್ತಿದೆಯೆಂದು 2015ರಲ್ಲಿ ತೀರ್ಮಾನಿಸಿದರು.

ಶನಿಯ ಚಂದ್ರನಾದ ಎನ್ಸೆಲಾಡಸ್ಸಿನ ವ್ಯಾಸ ಸುಮಾರು 500 ಕಿಲೋಮೀಟರ್. ಬೆಂಗಳೂರಿನಿಂದ ಬೆಳಗಾವಿಗೆ ಹೋಗುವ ರಸ್ತೆಯಷ್ಟು. 2005ರಲ್ಲಿ ‘ಕಸ್ಸೀನಿ’ ನೌಕೆಯ ಕಾಂತಮಾಪಕದಲ್ಲಿ, ಶನಿಯ ಕ್ಷೇತ್ರವು ಈ ಚಿಕ್ಕ ಗೋಳದ ಸುತ್ತ ಏನನ್ನೋ ತಡವಿದಂತೆ ಬಾಗಿರುವುದು ಕಂಡಿತು. ಆ ಮಾಪಕದ ಮುಖ್ಯಸ್ಥರಾದ ಮಿಶೆಲ್ ಡಾಹರ್ಟಿ ಅವರು ಇನ್ನೂ ಹತ್ತಿರ ಹೋಗಿ ನೋಡಬೇಕೆಂದು ಉಳಿದವರನ್ನು ಒಪ್ಪಿಸಿದರು. ಜುಲೈಯಲ್ಲಿ ಸುಮಾರು 170 ಕಿಲೋಮೀಟರ್ ಎತ್ತರದಲ್ಲಿ ಹಾಯ್ದು ನೋಡಲು, ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿ ಚಿಮ್ಮುತ್ತಿತ್ತು. ಸೂಜಿಯ ಒಂದು ಸಣ್ಣ ಓಲಾಟವನ್ನು ಅಲಕ್ಷಿಸದಿದ್ದುದರ ಫಲ ಇದು.

ಇನ್ನು ಬೇರೆ ನಕ್ಷತ್ರಗಳ ಗ್ರಹಗಳಿಗೂ ಚಂದ್ರರಿರಬಹುದು. ಆದರೆ ಒಂದೂ ಇದುವರೆಗೆ ಸಂದೇಹಕ್ಕೆ ಎಡೆಯಿಲ್ಲದಂತೆ ಸಿದ್ಧವಾಗಿಲ್ಲ. ಆದರೂ ಲೆಕ್ಕ ಮುಂದಾಗಿ ಹೋಗಿದೆ. ದೊಡ್ಡ ಗ್ರಹಕ್ಕೆ ಅತಿ ಸಮೀಪವಿರುವ ಚಂದ್ರ ಅದರ ಸೆಳೆತದಿಂದ ಕಾದುಹೋದೀತು. ಅತಿ ದೂರವಿರುವುದು ಬೇಲಿಯ ಹೊರಗುಳಿದೀತು. ಇವೆರಡರ ನಡುವೆ, ಗ್ರಹದ ತ್ರಿಜ್ಯದ ಸುಮಾರು 5ರಿಂದ 20ರಷ್ಟು ದೂರದಲ್ಲಿ, ಜೀವಕ್ಕೆ ಅನುಕೂಲವೂ ಬೇಲಿಯ ಪ್ರಭಾವವೂ ಒಟ್ಟಿಗೆ ದೊರೆಯಬಹುದೆಂದು 2013ರಲ್ಲಿ ಹೆಲ್ಲರ್ ಮತ್ತು ಸುಲುವಾಗ ಎಂಬವರು ತೋರಿಸಿದರು. ಆದರೆ ಆ ಪ್ರಭಾವ ಕಾಯುವುದೋ ಮೇಯುವುದೋ ಎಂಬುದನ್ನು ಯೂರೋಪಾವನ್ನು ಚೆನ್ನಾಗಿ ತಿಳಿದ ಮೇಲೆಯೇ ಹೇಳಬೇಕು.

ಡಾಕ್ಟರೇಟ್ ಸಂಶೋಧನೆಯೆಂದರೆ ದೊಡ್ಡ ದೂರದರ್ಶಕದ ಮುಂದೆ ಕುಳಿತಿರುವುದೆಂದು ನಾನು ಭಾವಿಸಿದ್ದೆನು. ಈ ವಿಷಯದಲ್ಲಿ ಅದು ಹೆಚ್ಚಾಗಿ ಅಂಕಿಗಳ ಸಾಲುಗಳನ್ನು ತಾಳ್ಮೆಯಿಂದ ಓದುವುದು. ‘ಗೆಲಿಲಿಯೋ’ 1997ರ ಡಿಸೆಂಬರಿನಲ್ಲಿ ಕಳುಹಿಸಿದ್ದ ಅಂಕಿಗಳನ್ನು ಎರಡು ದಶಕಗಳ ಬಳಿಕ ಮತ್ತೆ ಪರಿಶೀಲಿಸಿ, ಯೂರೋಪಾದಿಂದಲೂ ನೀರಾವಿ ಚಿಮ್ಮಿದ್ದಿರಬಹುದೆಂಬ ಸುಳಿವನ್ನು 2018ರಲ್ಲಿ ಕಂಡುಕೊಂಡರು. ಅಂಕಿಗಳು ಅಲ್ಲಿಯೇ ಇದ್ದವು; ಕೇಳುವ ಪ್ರಶ್ನೆ ಹೊಸದಾಗಿತ್ತು. ಇಂತಹ ಮಾಹಿತಿ ಈಗ ಯಾರಿಗೂ ಮುಚ್ಚಿಲ್ಲ. ಆದಿತ್ಯದ ಮಾಹಿತಿಯನ್ನೂ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರವು ಸಾರ್ವಜನಿಕರಿಗೆ ಒದಗಿಸುತ್ತಿದೆ.

ನಮ್ಮ ತಂದೆಯವರಿಗೆ ನಾನು ಕೊಟ್ಟ ಉತ್ತರ ಇಷ್ಟು: ನೀರು ಇರುವಂತಿದೆ, ಬೇಲಿಯೂ ಇದೆ, ಆದರೆ ಅದು ಕಾಯುವುದರ ಜೊತೆಗೆ ಮೇಯುವುದೂ ಉಂಟು, ಬೀಜ ಬಿದ್ದಿದೆಯೋ ಇಲ್ಲವೋ ಯಾರಿಗೂ ತಿಳಿಯದು. ಹೊಲ ಹದವಾಗಿದೆ ಎನ್ನುವುದು ಬೇರೆ, ಬೆಳೆ ಬಂದಿದೆ ಎನ್ನುವುದು ಬೇರೆ. ಜೀವಯೋಗ್ಯವೆಂಬ ಮಾತನ್ನು ಕೇಳಿದಾಗಲೆಲ್ಲ ಈ ಭೇದವನ್ನು ಮರೆಯಬಾರದು. ‘ಕ್ಲಿಪ್ಪರ್’ 2030ರ ಏಪ್ರಿಲಿನಲ್ಲಿಯೂ, 2023ರ ಏಪ್ರಿಲ್ 14ರಂದು ಹೊರಟ ಯೂರೋಪಿನ ‘ಜ್ಯೂಸ್’ ನೌಕೆಯು 2031ರ ಜುಲೈಯಲ್ಲಿಯೂ ಗುರುವನ್ನು ಸೇರಬೇಕಾಗಿದೆ. ‘ಜ್ಯೂಸ್’ ಮುಂದೆ ಗ್ಯಾನಿಮೀಡನ್ನೇ ಸುತ್ತಲಿದೆ. ಎರಡೂ ಉದ್ದನೆಯ ತೋಳುಗಳ ಮೇಲೆ ಕಾಂತಮಾಪಕಗಳನ್ನು ಹೊತ್ತಿವೆ. ಅವು ಕಳುಹಿಸುವ ಅಂಕಿಗಳನ್ನು ಓದುವವರು ಇಂದು ಪ್ರೌಢಶಾಲೆಯಲ್ಲಿರುವ ಮಕ್ಕಳು. ಅವರಲ್ಲಿ ನಮ್ಮ ತಾಲ್ಲೂಕಿನವರೂ ಒಬ್ಬರಿರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.